ಕೂಡಹಳ್ಳಿ ಕಡವಿನ ಪ್ರಶ್ನೆ

ನದಿಯನ್ನು ಕೇಳಿದರೆ ನದಿಯೇ ಉತ್ತರ ಹೇಳುವ ಕಾಲ ಬಂದು ಹನ್ನೊಂದು ವರ್ಷವಾಗಿತ್ತು. ಕೃಷ್ಣೆ, ಭೀಮೆ ಮತ್ತು ಅವುಗಳಿಗೆ ಸೇರುವ ಹೊಳೆಗಳ ತಳದಲ್ಲಿ ಕುಂಬಳಕಾಯಿ ಗಾತ್ರದ ಕಲ್ಲುಗಳನ್ನು ಇಳಿಬಿಟ್ಟಿದ್ದರು. ನೋಡಲಿಕ್ಕೆ ಕಲ್ಲು, ಒಳಗೆ ಯಂತ್ರ. ನೀರಿನ ಆಳ, ಸೆಳವು, ಮೇಲಿನಿಂದ ಇನ್ನೆಷ್ಟು ಬರುತ್ತಿದೆ ಎಂಬುದೆಲ್ಲ ಅವಕ್ಕೆ ಗೊತ್ತು. ದಡದಲ್ಲಿ ಕಡವಿಗೊಂದು ಕಂಬ. ಅಂಬಿಗ ಕಂಬದ ಮೇಲೆ ಹೆಬ್ಬೆರಳಿಟ್ಟು, ತಾನು ದಾಟುವ ನದಿಯ ಗುಂಡಿ ಒತ್ತಿ, ದೋಣಿಯಲ್ಲಿ ಎಷ್ಟು ಮಂದಿ ಎಂದು ಹೇಳಿದರೆ ಆ ಪ್ರಶ್ನೆ ತಾಲೂಕು ಊರಿನ ನಿಯಂತ್ರಣ ಕೋಣೆಗೆ ಹೋಗುತ್ತಿತ್ತು. ಅಲ್ಲಿನ ಪ್ರೋಗ್ರಾಂ ಕಲ್ಲುಗಳನ್ನು ವಿಚಾರಿಸಿ ಕಂಬದ ದೀಪ ಹಚ್ಚುತ್ತಿತ್ತು. ಹಸಿರಾದರೆ ದಾಟು, ಕೆಂಪಾದರೆ ಕೂರು.

ಹಸಿರು ಬಂದ ಮೇಲೆ ಅಂಬಿಗ ದೋಣಿ ಬಿಡಲೊಲ್ಲೆ ಎನ್ನುವಂತಿರಲಿಲ್ಲ. ಹಿಂದೆ ಕೆಲವು ಕಡವುಗಳಲ್ಲಿ ತಮಗೆ ಬೇಡದ ಕೇರಿಯವರು ಬಂದರೆ ನೀರು ಏರಿದೆ ಎಂದು ನೆಪ ಹೇಳಿ ಕೂರಿಸುತ್ತಿದ್ದರು. ಅದಕ್ಕೇ ಆ ನಿಯಮ. ಹಸಿರಿದ್ದೂ ಮೂರು ಸಲ ಬಿಡದಿದ್ದರೆ ಪರವಾನಗಿ ಹೋಗುತ್ತಿತ್ತು. ಹನ್ನೊಂದು ವರ್ಷದಲ್ಲಿ ಅರವತ್ನಾಲ್ಕು ಕಡವುಗಳಲ್ಲಿ ಒಂದು ದೋಣಿಯೂ ಮುಳುಗಿರಲಿಲ್ಲ. ಜನ ದೀಪವನ್ನು ನಂಬಿದರು. ನೀರಿನ ಬಣ್ಣ ನೋಡಿ ಹೇಳುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ತಾಯಮ್ಮ ಆ ನಿಯಂತ್ರಣ ಕೋಣೆಯಲ್ಲಿ ತಾಳೆ ನೋಡುವ ಕೆಲಸಕ್ಕಿದ್ದಳು. ಎಂಟನೆಯ ತರಗತಿಗೆ ಶಾಲೆ ಬಿಟ್ಟವಳು. ಅವಳ ಊರು ಕೂಡಹಳ್ಳಿ, ಭೀಮೆ ಬಂದು ಕೃಷ್ಣೆಯನ್ನು ಕೂಡುವ ಜಾಗ. ಅಪ್ಪ ದೇವಿಂದ್ರಪ್ಪ ಅಲ್ಲಿಯ ಕಡವಿನ ಅಂಬಿಗ. ಕಚೇರಿಗೆ ಸೇರಿ ಎರಡು ವರ್ಷವಾದರೂ ಅವಳ ದನಿ ಹೇಗಿದೆ ಎಂದು ಅರ್ಧ ಜನಕ್ಕೆ ಗೊತ್ತಿರಲಿಲ್ಲ. ಎಡಗಡೆಯ ಸಾಲು ನೋಡುವುದು, ಬಲಗಡೆಯ ಸಾಲು ನೋಡುವುದು, ಎರಡೂ ಒಂದೇ ಆಗಿದ್ದರೆ ಮುಂದಕ್ಕೆ ಬಿಡುವುದು. ಇಷ್ಟೇ ಕೆಲಸ. ಅದಕ್ಕೆ ಮಾತು ಬೇಕಾಗಿರಲಿಲ್ಲ.

ಆ ವಾರ ಕೋಣೆಯಲ್ಲಿ ಹೊಸ ಪ್ರೋಗ್ರಾಂನ ಪರೀಕ್ಷೆ ನಡೆದಿತ್ತು. ಹಳೆಯದು ಅರವತ್ನಾಲ್ಕು ಕಡವುಗಳ ಭಾರಕ್ಕೆ ಏದುಸಿರು ಬಿಡುತ್ತಿದೆ, ಸೋಮವಾರ ಬೆಳಿಗ್ಗೆ ಆರಕ್ಕೆ ಹೊಸದನ್ನು ಎಲ್ಲ ಕಡೆಗೂ ಬಿಡಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಬಿಡುವ ಮುಂಚೆ ಅದು ಸರಿಯಾಗಿ ಉತ್ತರ ಕೊಡುತ್ತದೆಯೇ ಎಂದು ನೋಡಬೇಕು. ಹಾಗೆಂದು ಲಕ್ಷಗಟ್ಟಲೆ ಸುಳ್ಳು ಪ್ರಶ್ನೆ ಕಳಿಸಿ ನದಿಯ ಕಲ್ಲುಗಳನ್ನು ಪೀಡಿಸುವ ಹಾಗಿಲ್ಲ. ನಿಜವಾದ ಅಂಬಿಗರು ಕಾಯುತ್ತಿರುತ್ತಾರೆ.

ಇದಕ್ಕಾಗಿ ಒಂದು ದಾಖಲೆ ಪೆಟ್ಟಿಗೆ ಇತ್ತು. ಒಂದು ವರ್ಷ ಅದು ಪ್ರೋಗ್ರಾಂಗೂ ಕಲ್ಲುಗಳಿಗೂ ನಡುವೆ ಕೂತು, ಇದು ಕೇಳಿದ್ದು ಅವು ಹೇಳಿದ್ದು ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಪರೀಕ್ಷೆಯ ದಿನ ಕಲ್ಲುಗಳ ಬದಲು ಅದೇ ಮಾತಾಡುತ್ತಿತ್ತು. ಹೊಸ ಪ್ರೋಗ್ರಾಂ ಒಂದು ಪ್ರಶ್ನೆ ಕೇಳಿದರೆ, ಇದನ್ನು ಹಿಂದೆ ಕೇಳಿದ್ದೇನೆಯೇ ಎಂದು ಪೆಟ್ಟಿಗೆ ಹುಡುಕುವುದು. ಕೇಳಿದ್ದರೆ ಅಂದಿನ ಉತ್ತರವನ್ನೇ ಮತ್ತೆ ಒಪ್ಪಿಸುವುದು. ಇಲ್ಲದಿದ್ದರೆ "ಈ ಪ್ರಶ್ನೆ ಕೇಳಿಲ್ಲ" ಎಂದು ಬರೆಯುವುದು.

ಪ್ರಶ್ನೆಗಳು ಒಂದೊಂದು ಸಾಲಿನಲ್ಲಿ ಓಡಾಡುತ್ತಿದ್ದವು. ಮೊದಲು ವಿಳಾಸ, ಆಮೇಲೊಂದು ಪ್ರಶ್ನಾರ್ಥಕ ಚಿಹ್ನೆ, ಅದರ ಬಾಲಕ್ಕೆ ಕಟ್ಟಿದ ವಿವರಗಳು: ಕಡವು ಯಾವುದು, ನದಿ ಯಾವುದು, ಆಳು ಎಷ್ಟು. ಬಂದ ಸಾಲನ್ನು ಪೆಟ್ಟಿಗೆ ತುಂಡು ಮಾಡಿ, ತುಂಡುಗಳನ್ನು ತನ್ನ ನೆನಪಿನೊಂದಿಗೆ ಹೊಂದಿಸಿ ನೋಡುತ್ತಿತ್ತು. ಹೇಗೆ ತುಂಡು ಮಾಡಬೇಕು ಎಂಬುದು ಅದರ ಸೆಟ್ಟಿಂಗ್ ಪುಟದಲ್ಲಿ ಬರೆದಿರುತ್ತಿತ್ತು. ಆ ಪುಟವನ್ನು ಯಾರೂ ಮೂರು ವರ್ಷದಿಂದ ತೆರೆದಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಪರೀಕ್ಷೆ ಮುಗಿಯಿತು. ಅರವತ್ನಾಲ್ಕು ಕಡವುಗಳ ಮುಂದೂ "ಸರಿ" ಎಂದು ಬಿತ್ತು. ಎಂಜಿನಿಯರ್ ಅಫ್ರೋಜ್ ಎಲ್ಲರಿಗೂ ಮಿರ್ಚಿ ತರಿಸಿದ. ತಾಯಮ್ಮ ತನ್ನ ಪಾಲಿನ ಮಿರ್ಚಿಯನ್ನು ಕಾಗದದಲ್ಲೇ ಬಿಟ್ಟು ತೆರೆಯನ್ನು ನೋಡುತ್ತ ಕೂತಿದ್ದಳು. ಕೂಡಹಳ್ಳಿಯ ಸಾಲು ಚಿಕ್ಕದಾಗಿತ್ತು. ಎರಡು ವರ್ಷ ದಿನವೂ ಆ ಸಾಲನ್ನು ನೋಡಿದವಳು ಅವಳು. ಅರವತ್ಮೂರು ಕಡವುಗಳ ಸಾಲಿಗಿಂತ ಅದು ಯಾವಾಗಲೂ ಒಂದು ಗೇಣು ಮುಂದಕ್ಕೆ ಚಾಚಿಕೊಂಡಿರುತ್ತಿತ್ತು, ಸಾಲಾಗಿ ನಿಂತ ಮಕ್ಕಳಲ್ಲಿ ಒಬ್ಬ ಉದ್ದನೆಯವನ ಹಾಗೆ. ಈಗ ಎಲ್ಲರ ಸಮಕ್ಕೆ ಬಂದಿತ್ತು.

ಅದು ಉದ್ದವಿರುವುದಕ್ಕೆ ಕಾರಣ ಅವಳ ಊರಿನ ರೂಢಿ. ಬೇರೆ ಕಡವುಗಳಲ್ಲಿ ಒಂದೇ ನದಿ, ಒಂದೇ ಗುಂಡಿ. ಕೂಡಹಳ್ಳಿಯ ಕಂಬಕ್ಕೆ ಎರಡು ಗುಂಡಿಗಳಿದ್ದವು. ಅಲ್ಲಿಯ ಅಂಬಿಗರು ಕಂಬ ಬರುವುದಕ್ಕೆ ಎಷ್ಟೋ ತಲೆಮಾರು ಮುಂಚೆಯೂ, ದೋಣಿ ನೂಕುವಾಗ ಎರಡೂ ನದಿಗಳ ಹೆಸರು ಹಿಡಿದು ಕರೆಯುತ್ತಿದ್ದರು. ಭೀಮವ್ವನ ಹೆಸರು ಮೊದಲು, ಯಾಕೆಂದರೆ ಆಕೆ ಬಂದವಳು. ಕೃಷ್ಣವ್ವ ಆಮೇಲೆ, ಯಾಕೆಂದರೆ ಆಕೆ ಮನೆಯಾಕೆ. ಬಂದವರನ್ನು ಮಾತಾಡಿಸದೆ ಮನೆಯವರನ್ನು ಮಾತಾಡಿಸುವುದು ಯಾವ ಮರ್ಯಾದೆ? ಆದ್ದರಿಂದ ದೇವಿಂದ್ರಪ್ಪನೂ ಪ್ರತಿ ಸಲ ಎರಡು ಗುಂಡಿ ಒತ್ತುತ್ತಿದ್ದ. ಸಾಲಿನಲ್ಲಿ "ನದಿ" ಎಂಬ ವಿವರ ಎರಡು ಸಲ ಬರುತ್ತಿತ್ತು: ನದಿ ಭೀಮೆ, ನದಿ ಕೃಷ್ಣೆ.

ಹೊಸ ಪ್ರೋಗ್ರಾಂ ಕಲ್ಲುಗಳಿಗೆಂದು ಕಳಿಸಿದ ಸಾಲಿನಲ್ಲಿ ಕೃಷ್ಣೆ ಒಬ್ಬಳೇ ಇದ್ದಳು.

ತಾಯಮ್ಮ ಎದ್ದು ಅಫ್ರೋಜನ ಮೇಜಿನ ಹತ್ತಿರ ಹೋಗಿ ನಿಂತಳು. ಅವನು ಫೋನಿನಲ್ಲಿದ್ದ. ಮುಗಿಯುವ ತನಕ ನಿಂತಳು. ಮುಗಿದ ಮೇಲೂ ಅವನೇ ಏನು ಎಂದು ಕೇಳುವ ತನಕ ನಿಂತಳು. ಆಮೇಲೆ ತೆರೆಯ ಮೇಲೆ ಬೆರಳಿಟ್ಟು, ಇಲ್ಲಿ ಭೀಮೆ ಇಲ್ಲ ಅಂದಳು.

ಅಫ್ರೋಜ್ ನಕ್ಕ. ಭೀಮೆ ಇಲ್ಲದಿದ್ದರೆ ಪೆಟ್ಟಿಗೆ ಒಪ್ಪುತ್ತಿರಲಿಲ್ಲ, ಈ ಪ್ರಶ್ನೆ ಕೇಳಿಲ್ಲ ಎನ್ನುತ್ತಿತ್ತು ಎಂದ. ಆದರೂ ಅವನು ಒಳ್ಳೆಯ ಕೆಲಸಗಾರ. ಸೆಟ್ಟಿಂಗ್ ಪುಟ ತೆರೆದ. ಒಂದೇ ವಿವರ ಎರಡು ಸಲ ಬಂದರೆ ಏನು ಮಾಡಬೇಕು ಎಂಬಲ್ಲಿ ಮೂರು ಆಯ್ಕೆಗಳಿದ್ದವು: ಮೊದಲಿನದು, ಕೊನೆಯದು, ಎಲ್ಲವೂ. "ಕೊನೆಯದು" ಎಂಬುದಕ್ಕೆ ಗುರುತು ಬಿದ್ದಿತ್ತು. ಅವನ ನಗೆ ನಿಂತಿತು.

"ಇದು ನಾನೇ ಹಾಕಿದ್ದು," ಅಂದ. ಮೂರು ವರ್ಷದ ಕೆಳಗೆ ಅಂಬಿಗರು ದೀಪ ತಡವಾಯಿತೆಂದು ಒಂದೇ ಗುಂಡಿಯನ್ನು ಎರಡೆರಡು ಸಲ ಒತ್ತುತ್ತಿದ್ದರು. ದಾಖಲೆಯೆಲ್ಲ ಜೋಡಿ ಜೋಡಿ ಆಗಿ ಹೊಲಸಾಗಿತ್ತು. ಎರಡು ಬಂದರೆ ಕೊನೆಯದನ್ನು ಇಟ್ಟುಕೋ ಎಂದು ಹೇಳಿ ಅವನು ಕೈ ತೊಳೆದುಕೊಂಡಿದ್ದ.

ಈಗ ಗುರುತನ್ನು "ಎಲ್ಲವೂ" ಎಂಬುದಕ್ಕೆ ಸರಿಸಿ ಕೂಡಹಳ್ಳಿಯ ಪರೀಕ್ಷೆಯನ್ನು ಮತ್ತೆ ಓಡಿಸಿದ. ಇಬ್ಬರೂ ನೋಡುತ್ತಿದ್ದಂತೆ ಮತ್ತೆ "ಸರಿ" ಎಂದೇ ಬಿತ್ತು. ನೋಡವ್ವ, ಏನೂ ಆಗಿಲ್ಲ ಎಂದು ಅವನು ಉಸಿರು ಬಿಟ್ಟ.

ತಾಯಮ್ಮ ತೆರೆಯಿಂದ ಕಣ್ಣು ತೆಗೆಯದೆ, ಪೆಟ್ಟಿಗೆ ಈಗ ಎರಡೂ ಹೆಸರು ಕೇಳಿಸಿಕೊಳ್ಳುತ್ತದೆ, ಬರೆದುಕೊಳ್ಳುವಾಗ ಕೇಳಿಸಿಕೊಂಡಿತ್ತೇ ಎಂದು ಕೇಳಿದಳು.

ಅಫ್ರೋಜ್ ಹಳೆಯ ದಾಖಲೆ ತೆರೆದ. ಕೂಡಹಳ್ಳಿಯ ಒಂದು ವರ್ಷದ ಪ್ರಶ್ನೆಗಳಲ್ಲಿ ಎಲ್ಲೂ ಭೀಮೆಯ ಹೆಸರಿರಲಿಲ್ಲ. ಪ್ರಶ್ನೆಯಲ್ಲಿ ಕೃಷ್ಣೆ ಮಾತ್ರ, ಆದರೆ ಅದರ ಎದುರಿಗಿದ್ದ ಉತ್ತರ ಎರಡೂ ನದಿ ಸೇರಿ ಕೊಟ್ಟದ್ದು. ಹೊಸ ಪ್ರೋಗ್ರಾಂ ಭೀಮೆಯನ್ನು ನುಂಗಿ ಅರ್ಧ ಪ್ರಶ್ನೆ ಕೇಳಿದರೂ ಪೆಟ್ಟಿಗೆ ಅಂದಿನ ಪೂರ್ತಿ ಉತ್ತರ ಒಪ್ಪಿಸುತ್ತಿತ್ತು. ಪರೀಕ್ಷೆ ಪಾಸು. ಸೋಮವಾರದಿಂದ ಉತ್ತರ ಹೇಳುವುದು ಪೆಟ್ಟಿಗೆಯಲ್ಲ, ನದಿ. ಅರ್ಧ ಕೇಳಿದರೆ ಅರ್ಧವೇ ಹೇಳುತ್ತದೆ. ಭೀಮೆಯಲ್ಲಿ ಆಳೆತ್ತರ ನೀರು ಬರುತ್ತಿದ್ದರೂ ಕೃಷ್ಣೆ ಶಾಂತವಾಗಿದ್ದರೆ ಕಂಬ ಹಸಿರು ತೋರಿಸುತ್ತದೆ. ಅಂಬಿಗ ದೋಣಿ ಬಿಡಲೇಬೇಕು.

ಇಬ್ಬರೂ ಕೋಣೆಯ ಮುಖ್ಯಸ್ಥೆ ಸುಮಂಗಲಾ ಮೇಡಂ ಹತ್ತಿರ ಹೋದರು. ಅಫ್ರೋಜನೇ ಎಲ್ಲ ಹೇಳಿದ, ತನ್ನ ತಪ್ಪನ್ನೂ ಹೇಳಿದ. ಮೇಡಂ ಕನ್ನಡಕ ತೆಗೆದು ಒರೆಸಿದರು. ಅರವತ್ನಾಲ್ಕು "ಸರಿ" ಇರುವ ಕಾಗದವನ್ನು ಆಗಲೇ ಮೇಲಕ್ಕೆ ಕಳಿಸಿಯಾಗಿತ್ತು. ಸಾಲು ಚಿಕ್ಕದಾಯಿತು ಎಂದರೆ ಮೇಲಿನವರು, ಆಗಲಿ, ಉತ್ತರ ಒಂದೇ ಬಂದರಾಯಿತಲ್ಲ ಎನ್ನುತ್ತಾರೆ. ಎರಡು ನದಿ ಕೇಳಿದರೆ ಒಂದು ಉತ್ತರ, ಒಂದು ನದಿ ಕೇಳಿದರೆ ಬೇರೆ ಉತ್ತರ ಬರುತ್ತದೆ ಎಂದು ಕಣ್ಣಿಗೆ ಕಾಣುವ ದಾಖಲೆ ಬೇಕು ಎಂದರು. ಆಮೇಲೆ ತಾಯಮ್ಮನ ಕಡೆ ತಿರುಗಿದರು.

"ಭಾನುವಾರ ಸಂಜೆ ತನಕ ನಾನು ಇಲ್ಲೇ ಇರ್ತೀನಿ. ಅಷ್ಟರೊಳಗೆ ತಂದರೆ ನಿಲ್ಲಿಸ್ತೀನಿ. ತರದಿದ್ದರೆ ನನ್ನ ಕೈಲಿ ಆಗಲ್ಲಮ್ಮ."

ಅಫ್ರೋಜ್ ಒಂದು ಸಣ್ಣ ಪೆಟ್ಟಿಗೆಯನ್ನು, ಸೆಟ್ಟಿಂಗಿನಲ್ಲಿ "ಎಲ್ಲವೂ" ಎಂದು ಗುರುತು ಹಾಕಿ, ಅವಳ ಕೈಗೆ ಕೊಟ್ಟ. ಊಟದ ಡಬ್ಬಿಯಷ್ಟಿತ್ತು. ಬಸ್ಸಿನಲ್ಲಿ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು.

ಶನಿವಾರ ಬೆಳಿಗ್ಗೆ, ಕಲ್ಲುಗಳ ತಂತಿ ಕಂಬಕ್ಕೆ ಸೇರುವಲ್ಲಿ ಅದನ್ನು ಕಟ್ಟುವಾಗ ದೇವಿಂದ್ರಪ್ಪ ದೋಣಿಯ ಅಂಚಿನ ಮೇಲೆ ಕೂತು ನೋಡುತ್ತಿದ್ದ. ಸಣ್ಣ ಆಳು, ಬಾಯಿ ದೊಡ್ಡದು. ಎರಡು ವರ್ಷ ಫ್ಯಾನಿನ ಕೆಳಗ ಕುಂತು ಈಗ ಅಪ್ಪನ ಮ್ಯಾಲ ಕಾವಲಿಗೆ ಬಂದಾಳ ನೋಡ್ರಿ ಎಂದು ದೋಣಿಗೆ ಬಂದವರಿಗೆಲ್ಲ ಹೇಳಿದ. ಅವನು ಎಂದಿನಂತೆ ಎರಡು ಗುಂಡಿ ಒತ್ತಿದ, ಹಸಿರು ಬಂತು, ದಾಟಿಸಿ ಬಂದ. ಪೆಟ್ಟಿಗೆ ಎರಡೂ ಹೆಸರನ್ನು ಬರೆದುಕೊಂಡಿತು.

ಮಧ್ಯಾಹ್ನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ ಬಡಿಸಿಕೊಂಡು ಕೂತಾಗ ಅವಳು ವಿಷಯ ತೆಗೆದಳು. ಒಂದು ಸಲ, ಒಂದೇ ಒಂದು ಸಲ, ಕೃಷ್ಣೆಯ ಗುಂಡಿ ಮಾತ್ರ ಒತ್ತಬೇಕು. ಕಂಬ ಅವನ ಹೆಬ್ಬೆರಳಿಗಲ್ಲದೆ ಬಾಯಿ ಬಿಡುವುದಿಲ್ಲ, ಇಲ್ಲದಿದ್ದರೆ ಅವಳೇ ಒತ್ತುತ್ತಿದ್ದಳು.

ದೇವಿಂದ್ರಪ್ಪ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ನಮ್ಮಪ್ಪ ಒಬ್ಬಾಕಿನ್ನ ಬಿಟ್ಟು ಒಬ್ಬಾಕಿನ್ನ ಕರದಿಲ್ಲ, ಅವರಪ್ಪ ಕರದಿಲ್ಲ, ನಾ ಕರಿಯಾದಿಲ್ಲ ಎಂದ. ತಾಯಮ್ಮನ ಅವ್ವ ನಡುವೆ ಬಾಯಿ ಹಾಕಿ, ಆಕಿ ನೌಕರಿ ಮಾತು ಇರಬೇಕು ಕೇಳು ಅಂದಳು. ನೌಕರಿ ಆಕಿದು, ಹೊಳಿ ನಂದು ಎಂದು ಅವನು ಕೈ ತೊಳೆದು ಎದ್ದ. ಊಟ ಅಲ್ಲಿಗೇ ನಿಂತಿತು. ಆ ದಿನವಿಡೀ ಎರಡೂ ನದಿಗಳು ಸುಮ್ಮನಿದ್ದವು. ಒತ್ತಿದ್ದರೂ ಎರಡಕ್ಕೂ ಹಸಿರೇ ಬರುತ್ತಿತ್ತು ಎಂದು ತಾಯಮ್ಮ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಭಾನುವಾರ ಹನ್ನೊಂದರ ಸುಮಾರಿಗೆ ಭೀಮೆಯ ಕಡೆಯ ನೀರಿನ ಬಣ್ಣ ತಿರುಗಿತು. ಮೊದಲು ಚಹಾದಂತೆ, ಆಮೇಲೆ ಇಟ್ಟಿಗೆ ಪುಡಿ ಕದಡಿದಂತೆ. ಮೇಲೆ ಎಲ್ಲೋ ಅಣೆಕಟ್ಟಿನ ಬಾಗಿಲು ತೆಗೆದಿದ್ದರು. ಕೃಷ್ಣೆಯ ಕಡೆ ಇನ್ನೂ ಹಸಿರು ನೀರು. ಎರಡೂ ಕೂಡುವಲ್ಲಿ ನಡುನೀರಿನಲ್ಲಿ ಒಂದು ಗೆರೆ ಎದ್ದು, ಆ ಗೆರೆಯ ಉದ್ದಕ್ಕೂ ಸುಳಿ ಬಿದ್ದಿದ್ದವು. ಕಡವಿನಲ್ಲಿ ಮೂವರು ಹೆಂಗಸರು ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದರು. ದೇವಿಂದ್ರಪ್ಪ ಎರಡು ಗುಂಡಿ ಒತ್ತಿದ. ಕೆಂಪು ಬಂತು. ಸೇತುವೆಯ ಮೇಲೆ ಹೋದರೆ ನಲವತ್ತು ಕಿಲೋಮೀಟರ್ ಸುತ್ತು, ಹೆಂಗಸರು ಗೊಣಗುತ್ತ ಮರದ ಬುಡಕ್ಕೆ ಸರಿದು ಕೂತರು.

ತಾಯಮ್ಮ ಅಪ್ಪನ ಹತ್ತಿರ ಬಂದು ನಿಂತಳು. ಅವಳು ಇಷ್ಟು ಉದ್ದ ಮಾತಾಡಿದ್ದನ್ನು ಅವನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಯಪ್ಪಾ, ನಾಳಿಗಿಂದ ನೀ ಎಷ್ಟು ಸಲ ಭೀಮವ್ವನ ಕರದ್ರೂ ಅಲ್ಲಿ ಯಾರೂ ಕೇಳಲ್ಲ. ನೀ ಒತ್ತತಿ, ಅದು ನುಂಗತದ. ಆಕಿ ಬಂದಾಳಂತ ಯಾರಿಗೂ ಗೊತ್ತಾಗಲ್ಲ. ಇವತ್ತು ಒಂದು ಸಲ ನೀ ಆಕಿನ್ನ ಬಿಟ್ಟರ ನಾಳಿಗಿ ಅವರು ಬಿಡಾದು ತಪ್ಪತದ."

ದೇವಿಂದ್ರಪ್ಪ ನೀರಿನ ಕಡೆ ತಿರುಗಿದ. ಆಮೇಲೆ ಚಪ್ಪಲಿ ಬಿಟ್ಟು ಪಾದ ಮುಳುಗುವ ತನಕ ಕೆಂಪು ನೀರಿಗೆ ಇಳಿದ. ಬಗ್ಗಿ ನೀರು ಮುಟ್ಟಿ ಏನೋ ಹೇಳಿದ. ಅದು ಮಗಳಿಗೆ ಕೇಳಲಿಲ್ಲ. ತಿರುಗಿ ಬಂದು, ಒದ್ದೆ ಕೈಯನ್ನು ಧೋತರಕ್ಕೆ ಒರೆಸಿ, ಹೆಬ್ಬೆರಳಿಟ್ಟು ಕೃಷ್ಣೆಯ ಗುಂಡಿಯನ್ನು ಮಾತ್ರ ಒತ್ತಿದ. ಮೂರು ಮಂದಿ ಎಂದ.

ಹಸಿರು ಬಂತು.

ಒಂದು ಜಾಲಿಯ ಗಿಡ ಬೇರು ಸಮೇತ ಭೀಮೆಯ ಕಡೆಯಿಂದ ತೇಲಿ ಬಂದು, ಗೆರೆಯ ಹತ್ತಿರ ಒಂದು ಸುತ್ತು ತಿರುಗಿ, ಒಳಗೆ ಹೋಯಿತು. ಮತ್ತೆ ಏಳಲಿಲ್ಲ. ದೀಪ ಹಸಿರಾಗಿಯೇ ಉರಿಯುತ್ತಿತ್ತು. ಆ ದೀಪ ಉರಿಯುವಾಗ ನೀರನ್ನು ಯಾರು ನೋಡುತ್ತಾರೆ? ಮರದ ಬುಡದಲ್ಲಿದ್ದ ಹೆಂಗಸರು ಎದ್ದು, ಬುಟ್ಟಿ ತಲೆಗೇರಿಸಿಕೊಂಡು ಆಗಲೇ ದೋಣಿಯ ಹತ್ತಿರ ಬಂದಿದ್ದರು. ಒಬ್ಬಳು ಒಂದು ಕಾಲು ಒಳಗಿಟ್ಟಿದ್ದಳು.

ದೇವಿಂದ್ರಪ್ಪ ಓಡಿಹೋಗಿ ಅವಳ ರಟ್ಟೆ ಹಿಡಿದು ಇಳಿಸಿದ. ಹಸಿರು ಬಂದದಲ್ಲೋ ಎಂದು ಅವಳು ಜಗಳಕ್ಕೆ ನಿಂತಳು. ನಿನಗ ನಾವು ಕುಂದರಬಾರದೇನು ದೋಣ್ಯಾಗ, ಹಿಂದಿನ ಕಾಲ ತಿರುಗಿ ಬಂತೇನು ಎಂದು ಇನ್ನೊಬ್ಬಳು ಕೇಳಿದಳು. ಅವರಿಬ್ಬರೂ ಆಚೆ ಕೇರಿಯವರು. ಅವನು ಮತ್ತೆ ಎರಡು ಗುಂಡಿ ಒತ್ತಿ ಕೆಂಪು ತರಿಸಿ ತೋರಿಸಿದ. ಒಮ್ಮೆ ಹಸಿರು ಒಮ್ಮೆ ಕೆಂಪು, ನಿನಗ ಬೇಕಾದ್ದು ಒತ್ತಗೋತ ಕುಂದರತಿ ಎಂದು ಅವರು ಇನ್ನಷ್ಟು ಸಿಟ್ಟಾದರು. ಮೂವರೂ ಬಸ್ಸಿನ ದಾರಿ ಹಿಡಿದು ಹೋದರು. ಹಸಿರಿದ್ದೂ ದೋಣಿ ಬಿಡಲಿಲ್ಲ ಎಂಬ ಒಂದು ಗುರುತು, ಅವನ ಹನ್ನೊಂದು ವರ್ಷದಲ್ಲಿ ಮೊದಲನೆಯದು, ಅವನ ಹೆಸರಿನ ಮುಂದೆ ಆಗಲೇ ಬಿದ್ದಿತ್ತು.

ತಾಯಮ್ಮ ಪೆಟ್ಟಿಗೆ ಬಿಚ್ಚಿಕೊಂಡಳು. ಮೂರು ಗಂಟೆಯ ಬಸ್ಸು ಹಿಡಿದು ಐದಕ್ಕೆ ನಿಯಂತ್ರಣ ಕೋಣೆ ಮುಟ್ಟಿದಳು. ಮೇಡಂ ಮತ್ತು ಅಫ್ರೋಜ್ ಇಬ್ಬರೂ ಇದ್ದರು. ಅಫ್ರೋಜ್ ಹೊಸ ದಾಖಲೆಯನ್ನು ಹಾಕಿ ಕೂಡಹಳ್ಳಿಯ ಪರೀಕ್ಷೆ ಓಡಿಸಿದ. ಹೊಸ ಪ್ರೋಗ್ರಾಂಗೆ ಎರಡು ನದಿಗಳ ಪ್ರಶ್ನೆ ಕೊಟ್ಟ. ಅದು ಭೀಮೆಯನ್ನು ಬಿಟ್ಟು ಕೃಷ್ಣೆಯನ್ನು ಕೇಳಿತು. ಪೆಟ್ಟಿಗೆ ಈ ಸಲ ಎರಡೂ ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೆನಪಿಟ್ಟುಕೊಂಡಿತ್ತು. ಎಡಗಡೆಯ ಸಾಲಿನಲ್ಲಿ ನದಿ ಹೇಳಿದ್ದು ಕೆಂಪು, ಬಲಗಡೆಯ ಸಾಲಿನಲ್ಲಿ ಹೊಸ ಪ್ರೋಗ್ರಾಂ ಹೇಳಿದ್ದು ಹಸಿರು. ಕಡವಿನಲ್ಲಿ ಆ ಎರಡು ಉತ್ತರಗಳ ನಡುವೆ ಇದ್ದದ್ದು ಹನ್ನೆರಡೇ ನಿಮಿಷ. ಪರೀಕ್ಷೆಯ ಕೆಳಗೆ "ತಪ್ಪು" ಎಂದು ಬಿತ್ತು.

ಮೇಡಂ ಎರಡು ಸಾಲನ್ನೂ ಎರಡು ಸಲ ಓದಿದರು. ಹಸಿರು ಬಂದಾಗ ಕಡವಿನಲ್ಲಿ ಜನ ಇದ್ದರೇ ಎಂದು ಕೇಳಿದರು. ಮೂವರು ಇದ್ದರು, ಒಬ್ಬಳು ದೋಣಿಯಲ್ಲಿ ಕಾಲಿಟ್ಟಿದ್ದಳು ಎಂದು ತಾಯಮ್ಮ ಹೇಳಿದಳು. ಕೂಡಹಳ್ಳಿ ಒಂದನ್ನು ಬಿಟ್ಟು ಉಳಿದ ಅರವತ್ಮೂರಕ್ಕೆ ಬಿಡಬಹುದಲ್ಲ ಎಂದು ಅಫ್ರೋಜ್ ಕೇಳಿದ. ಮೇಡಂ ಒಪ್ಪಲಿಲ್ಲ. ವರ್ಷವಿಡೀ ಒಂದು ಕಿವಿ ಮುಚ್ಚಿಕೊಂಡು ಬರೆದ ದಾಖಲೆ ಅದು, ಇನ್ನೆಲ್ಲಿ ಏನೇನು ನುಂಗಿದೆಯೋ ಎಂದರು. ಫೋನ್ ಎತ್ತಿ, ಮೇಲಿನವರ ಜೊತೆ ಅರ್ಧ ಗಂಟೆ ಮಾತಾಡಿ, ಬೈಸಿಕೊಂಡು, ಸೋಮವಾರದ ಬಿಡುಗಡೆಯನ್ನು ನಿಲ್ಲಿಸಿದರು. ಹೊಸ ದಾಖಲೆ ಮಾಡಲಿಕ್ಕೆ ನಾಲ್ಕು ತಿಂಗಳು ಎಂದು ಬರೆದುಕೊಟ್ಟರು. ತಾಯಮ್ಮನಿಗೆ ಮನೆಗೆ ಹೋಗು ಅಂದರು, ಅಷ್ಟೆ.

ಸೋಮವಾರ ಕೂಡಹಳ್ಳಿಯವರಿಗೆ ಆಚೆ ದಡದಲ್ಲಿ ಸಂತೆ. ತಾಯಮ್ಮ ತನ್ನ ಕುರ್ಚಿಯಲ್ಲಿ ಕೂತು ಬೆಳಿಗ್ಗೆ ಆರರಿಂದ ಆ ಒಂದೇ ಸಾಲನ್ನು ನೋಡಿದಳು. ಹಳೆಯ ಪ್ರೋಗ್ರಾಂ ಏದುಸಿರು ಬಿಡುತ್ತಲೇ ಕೇಳುತ್ತಿತ್ತು: ನದಿ ಭೀಮೆ, ನದಿ ಕೃಷ್ಣೆ. ಕೆಂಪು. ಮತ್ತೆ ಕೆಂಪು. ಆಳಿನ ಲೆಕ್ಕ ಏರುತ್ತ ಹೋಯಿತು: ಹದಿನಾರು, ಇಪ್ಪತ್ತೊಂದು, ಇಪ್ಪತ್ನಾಲ್ಕು. ಅದು ದೋಣಿಯಲ್ಲಿ ಹಿಡಿಸುವ ಗಡಿ. ಹತ್ತೂವರೆಗೆ ಹಸಿರು ಬಂತು.

ಮಧ್ಯಾಹ್ನ ಅಪ್ಪ ಫೋನ್ ಮಾಡಿದ. ಮಂದಿ ಬೆಳಗಿನಿಂದ ಬಾಯಿಗೆ ಬಂದ ಹಾಗೆ ಬೈದರು ಎಂದ. ಸಂತೆ ಅರ್ಧ ಮುಗಿದು ಹೋಗಿತ್ತು, ಒಬ್ಬಾಕೆಯ ಬದನೆಕಾಯಿ ಬಾಡಿದವು, ಮಾಸ್ತರರೊಬ್ಬರು ಶಾಲೆಗೆ ತಡವಾಯಿತೆಂದು ಚೀಟಿ ಬರೆಸಿಕೊಂಡು ಹೋದರು. ಮಗಳು ಕಚೇರಿಯಲ್ಲಿದ್ದಾಳೆ, ಅಪ್ಪ ಮಗಳು ಸೇರಿ ನಮ್ಮನ್ನು ಕಾಯಿಸುತ್ತಾರೆ ಎಂದೂ ಯಾರೋ ಅಂದರಂತೆ. ಇಪ್ಪತ್ನಾಲ್ಕು ಮಂದಿಯನ್ನು ದಾಟಿಸಿದ್ದಾಯಿತು, ಒಬ್ಬರೂ ಅವನ ಮುಖ ನೋಡಿ ಇಳಿಯಲಿಲ್ಲವಂತೆ.

"ನೀ ಏನಂದಿ?" ಎಂದು ತಾಯಮ್ಮ ಕೇಳಿದಳು.

"ಏನಂತ ಅನ್ಲಿ. ಭೀಮವ್ವ ಬಂದಾಳ, ಕುಂದರ್ರಿ ಅಂದೆ."

"ಕುಂತ್ರಾ?"

"ಕುಂತ್ರು," ಎಂದ ದೇವಿಂದ್ರಪ್ಪ. "ಬೈಕೋತ ಕುಂತ್ರು."